ಬಣ್ಣದ ಬಟ್ಟಲುಗಳು

ಪೋಲಿಷ್ ಕವಿ, ಪ್ರಬಂಧಕಾರ ಚೆಸ್ವಾಫ್ ಮಿವೋಶ್ 1960ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಗೆ ಬಂದಾಗ ಅವರಿಗೆ ನಲವತ್ತೊಂಬತ್ತು ವರ್ಷ. ವಿಶ್ವವಿದ್ಯಾಲಯದಲ್ಲಿ ಸ್ಲಾವ್ ಭಾಷೆ ಮತ್ತು ಸಾಹಿತ್ಯಗಳ ಪಾಠ ಹೇಳುವ ಕೆಲಸ ಸಿಕ್ಕಿತು, ಬೆಟ್ಟದ ಮೇಲೊಂದು ಮನೆಯಾಯಿತು. ಪಾಠ ಇಂಗ್ಲಿಷಿನಲ್ಲಿ, ಕವಿತೆ ಮಾತ್ರ ಪೋಲಿಷಿನಲ್ಲಿ. ಆ ಕವಿತೆಗಳ ಓದುಗರಿದ್ದ ದೇಶದಲ್ಲಿ ಅವರ ಪುಸ್ತಕಗಳಿಗೆ ನಿಷೇಧವಿತ್ತು. ಅವರಿದ್ದ ಊರಿನಲ್ಲಿ ಅವನ್ನು ಮೂಲದಲ್ಲಿ ಓದಬಲ್ಲವರು ತೀರ ಕಡಿಮೆ. ಹೀಗೆ ಇಪ್ಪತ್ತು ವರ್ಷ ಬರೆದರು. ತಾಯ್ನುಡಿಯ ನೆಲದಿಂದ ದೂರ ಬಂದು ನೆಲೆಸಿರುವ ನಮಗೆ ಈ ಇಪ್ಪತ್ತು ವರ್ಷಗಳ ಕಥೆ ಗೊತ್ತಿರಬೇಕೆಂಬ ಆಸೆಯಿಂದ ಈ ಸಂಚಿಕೆಯ ಸಂಪಾದಕೀಯವನ್ನು ಅವರಿಗೆ ಮೀಸಲಿಟ್ಟಿದ್ದೇನೆ.

ಮಿವೋಶರ ಪಾಲಿಗೆ ನಾಡು ಮತ್ತು ನುಡಿ ಮೊದಲಿನಿಂದಲೂ ಬೇರೆಬೇರೆಯಾಗಿದ್ದವು. ಅವರು ಹುಟ್ಟಿದ್ದು 1911ರ ಜೂನ್ 30ರಂದು, ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಲಿಥುವೇನಿಯಾದ ಒಂದು ಹಳ್ಳಿಯಲ್ಲಿ, ನೆವೆಝಿಸ್ ನದಿಯ ಕಣಿವೆಯಲ್ಲಿ, ಮನೆಮಾತು ಪೋಲಿಷ್. ಓದಿದ್ದು ಕಾನೂನು. ಮೊದಲ ಕವನ ಸಂಕಲನ 1933ರಲ್ಲಿ ಬಂತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಜಿಗಳ ವಶದಲ್ಲಿದ್ದ ವಾರ್ಸಾದಲ್ಲಿದ್ದು, 1943ರಲ್ಲಿ ಅಲ್ಲಿನ ಯೆಹೂದಿ ಕೇರಿ ದಂಗೆಯೆದ್ದು ಉರಿದುಹೋದಾಗ ‘ಕಾಂಪೊ ದೆಯ್ ಫಿಯೋರಿ’ ಎಂಬ ಕವಿತೆ ಬರೆದರು. ಕೇರಿಯ ಗೋಡೆಯ ಈಚೆಗೆ ತಿರುಗುವ ತೊಟ್ಟಿಲಿನಲ್ಲಿ ಕುಳಿತ ಜನ ನಗುತ್ತಿದ್ದಾರೆ; ಆಚೆ ಮನೆಗಳು ಸುಡುತ್ತಿವೆ; ಗಾಳಿಯಲ್ಲಿ ಹಾರಿಬಂದ ಕರಿಯ ಚೂರುಗಳನ್ನು ಮೇಲೇರಿದವರು ಕೈಚಾಚಿ ಹಿಡಿಯುತ್ತಿದ್ದಾರೆ. ಸಾಯುವವರ ಒಂಟಿತನವನ್ನು ಹೀಗೆ ಕಣ್ಣೆದುರಿಗೆ ತಂದು ನಿಲ್ಲಿಸಿದ ಕವಿತೆಗಳು ಆ ಶತಮಾನದಲ್ಲಿ ಹೆಚ್ಚಿಲ್ಲ ಎಂದು ನನ್ನ ಎಣಿಕೆ.

ಯುದ್ಧದ ನಂತರ ಕಮ್ಯುನಿಸ್ಟ್ ಪೋಲೆಂಡಿನ ರಾಯಭಾರ ಕಚೇರಿಗಳಲ್ಲಿ ಕೆಲಸ ಮಾಡಿದ ಮಿವೋಶ್ 1951ರಲ್ಲಿ ಪ್ಯಾರಿಸ್ಸಿನಲ್ಲಿ ಆಶ್ರಯ ಬೇಡಿದರು. ಬುದ್ಧಿವಂತರು ಪ್ರಭುತ್ವದ ಸುಳ್ಳಿಗೆ ಹೇಗೆ ತಾವಾಗಿಯೇ ಒಗ್ಗಿಕೊಳ್ಳುತ್ತಾರೆ ಎಂಬುದನ್ನು ಬಿಡಿಸಿ ತೋರಿಸಿದ ‘ಸೆರೆಗೊಂಡ ಮನಸ್ಸು’ 1953ರಲ್ಲಿ ಪ್ರಕಟವಾಯಿತು. ಆ ಪುಸ್ತಕ ತಂದ ಹೆಸರು ಕವಿಗೆ ಒಂದು ಹೊರೆಯೂ ಆಯಿತು. ಪಶ್ಚಿಮದ ಓದುಗರು ಬಹುಕಾಲ ಅವರನ್ನು ರಾಜಕೀಯ ಲೇಖಕರೆಂದೇ ಬಗೆದರು. ಅವರ ಆಯ್ದ ಕವಿತೆಗಳು ಇಂಗ್ಲಿಷಿನಲ್ಲಿ ಪುಸ್ತಕವಾಗಿ ಬಂದದ್ದು 1973ರಲ್ಲಿ.

ಇಲ್ಲಿ ನನಗೆ ಷಿಕಾಗೋದಲ್ಲಿ ಪಾಠ ಹೇಳುತ್ತಲೇ ಕನ್ನಡದಲ್ಲೂ ಕವಿತೆ ಬರೆದ ಎ. ಕೆ. ರಾಮಾನುಜನ್ ನೆನಪಾಗುತ್ತಾರೆ. ಆದರೆ ರಾಮಾನುಜನ್ನರ ಕನ್ನಡ ಕವಿತೆಗಳು ಧಾರವಾಡದಲ್ಲಿ ಅಚ್ಚಾಗಿ ಕನ್ನಡಿಗರ ಕೈ ಸೇರಿದವು. ಮಿವೋಶರ ಪುಸ್ತಕಗಳು ಪ್ಯಾರಿಸ್ ಬಳಿಯ ಪೋಲಿಷ್ ವಲಸಿಗರ ಪ್ರಕಾಶನದಲ್ಲಿ ಅಚ್ಚಾಗಿ, ಕದ್ದುಮುಚ್ಚಿ ಗಡಿ ದಾಟಬೇಕಿತ್ತು.

1968ರಲ್ಲಿ ಬರ್ಕ್ಲಿಯಲ್ಲಿ ಬರೆದ ಒಂದು ಕವಿತೆಯಲ್ಲಿ ಅವರು ತಮ್ಮ ನುಡಿಯನ್ನೇ ಎದುರಿಗೆ ಕೂರಿಸಿಕೊಂಡು ಮಾತನಾಡುತ್ತಾರೆ. ದಿನವೂ ರಾತ್ರಿ ಬಣ್ಣ ತುಂಬಿದ ಬಟ್ಟಲುಗಳನ್ನು ನಿನ್ನ ಮುಂದಿಟ್ಟೆ, ನನ್ನ ನೆನಪಿನಲ್ಲುಳಿದ ಬರ್ಚ್ ಮರ, ಮಿಡತೆ, ಹಕ್ಕಿ ನಿನಗೆ ಸಿಗಲೆಂದು. ನನಗಿದ್ದ ತಾಯ್ನಾಡು ನೀನೊಂದೇ ಎನ್ನುತ್ತಾರೆ. ನಾವು ನಮ್ಮ ಸಮಾರಂಭಗಳಲ್ಲಿ ಆಡುವ ನುಡಿಪ್ರೇಮದ ಮಾತು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ. ಮಿವೋಶ್ ನಿಲ್ಲುವುದಿಲ್ಲ. ನೀನು ಚಾಡಿಕೋರರ ನುಡಿ, ತಮ್ಮನ್ನು ತಾವೇ ದ್ವೇಷಿಸುವವರ ನುಡಿ ಎಂದು ಸಿಟ್ಟಾಗುತ್ತಾರೆ. ಬದುಕನ್ನೇ ವ್ಯರ್ಥ ಮಾಡಿಕೊಂಡೆನೇನೋ ಎಂದು ಅಳುಕುತ್ತಾರೆ. ನೀನಿಲ್ಲದೆ ನಾನು ಯಾರು ಎಂದು ಕೇಳಿಕೊಂಡು, ಬಹುಶಃ ನಾನೇ ನಿನ್ನನ್ನು ಕಾಪಾಡಬೇಕೇನೋ ಎಂದುಕೊಂಡು, ಮತ್ತೆ ಬಟ್ಟಲುಗಳನ್ನು ಜೋಡಿಸಲು ಕೂರುತ್ತಾರೆ. ಆ ಸಿಟ್ಟು ಇಲ್ಲದಿದ್ದರೆ ಆ ಪ್ರೀತಿಯನ್ನು ನಾನು ನಂಬುತ್ತಿರಲಿಲ್ಲ.

1980ರಲ್ಲಿ ನೊಬೆಲ್ ಪ್ರಶಸ್ತಿ ಬಂದಾಗ ಪೋಲೆಂಡ್ ಸರ್ಕಾರ ಅವರ ಪುಸ್ತಕಗಳಿಗೆ ದಾರಿ ಬಿಡಲೇಬೇಕಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಗ್ದಾನ್ಸ್ಕ್ ಹಡಗುಕಟ್ಟೆಯ ಬಳಿ, 1970ರಲ್ಲಿ ಗುಂಡಿಗೆ ಬಲಿಯಾದ ಕಾರ್ಮಿಕರ ಸ್ಮಾರಕದ ಮೇಲೆ, ಮೂವತ್ತು ವರ್ಷ ಹಿಂದೆ ಅವರು ವಾಷಿಂಗ್ಟನ್ನಿನಲ್ಲಿ ಬರೆದಿದ್ದ ಸಾಲುಗಳು ಕಾಣಿಸಿಕೊಂಡವು. ಸಾಮಾನ್ಯ ಮನುಷ್ಯನಿಗೆ ಅನ್ಯಾಯ ಮಾಡಿ ನಿಶ್ಚಿಂತನಾಗಿರಬೇಡ, ಕವಿ ನೆನಪಿಟ್ಟುಕೊಂಡಿದ್ದಾನೆ ಎಂಬುದು ಅವುಗಳ ಭಾವ.

ಕೊನೆಯ ವರ್ಷಗಳನ್ನು ಕ್ರಾಕೋವಿನಲ್ಲಿ ಕಳೆದ ಮಿವೋಶ್ 2004ರ ಆಗಸ್ಟ್ 14ರಂದು ತೀರಿಕೊಂಡರು. ಅದಕ್ಕೂ ಮೊದಲು, 1992ರಲ್ಲಿ, ಅರ್ಧ ಶತಮಾನ ಕಳೆದ ಮೇಲೆ, ಲಿಥುವೇನಿಯಾದ ತಮ್ಮ ಹಳ್ಳಿಗೆ ಹೋಗಿದ್ದರು. ಹುಟ್ಟಿದ ಮನೆ ಉಳಿದಿರಲಿಲ್ಲ, ನದಿ ಇತ್ತು. ಬಾಲ್ಯದ ಆ ನೆಲಕ್ಕೆ ಮರಳಿದ ಕಾಲದ ಕವಿತೆಯೊಂದರಲ್ಲಿ, ಹುಲ್ಲು ಕೊಯ್ಯುವ ಮುಂಚಿನ ಜೂನ್ ತಿಂಗಳಲ್ಲಿ, ಆ ಎಂಬತ್ತು ದಾಟಿದ ಮುದುಕ ಹೊಳೆದಂಡೆಯ ಹುಲ್ಲುಗಾವಲಿನಲ್ಲಿ ನಿಂತಿದ್ದಾರೆ. ಮಗುವಾಗಿದ್ದಾಗ ಬಲ್ಲ ಅದೇ ಹುಲ್ಲು, ಅದೇ ಹೂಗಳು. ಅರೆಗಣ್ಣು ಮುಚ್ಚಿ ಬೆಳಕನ್ನು ಹೀರುತ್ತಾ, ಅವುಗಳ ವಾಸನೆಯಲ್ಲಿ ಮುಳುಗಿ, ಸಂತೋಷದಿಂದ ಅಳುತ್ತಿದ್ದಾರೆ.