ಒರಟುತನದ ಲೆಕ್ಕಕ್ಕೆ ಮುನ್ನ

ಮಡಿಕೇರಿ

ಚಿ. ದೇಚಮ್ಮಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳುಹಿಸಿದ, ಅರಬ್ಬೀ ಸಮುದ್ರದಡಿಯ ಬೆಟ್ಟಸಾಲಾದ ಕಾರ್ಲ್ಸ್‌ಬರ್ಗ್ ರಿಡ್ಜ್‌ನ ಆಳದ ನಕ್ಷೆಯೂ ಅಲ್ಲಿನ ತಳ ಎಷ್ಟು ಏರುಪೇರಾಗಿದೆ ಎಂಬ ಒರಟುತನದ ಲೆಕ್ಕವೂ ತಲುಪಿದವು. ಮಳೆಗಾಲದ ಕರೆಂಟನ್ನು ನಂಬುವಂತಿಲ್ಲವಾದ್ದರಿಂದ ಪೇಟೆಯಲ್ಲಿ ಪ್ರಿಂಟ್ ಹಾಕಿಸಿಕೊಂಡು, ಸ್ಕೇಲು ಇಟ್ಟು ನೋಡಿದೆ. ಗಣಿತದಲ್ಲಿ ತಪ್ಪಿಲ್ಲ, ಆದರೆ ನೀನು ಅಳೆದಿರುವುದು ಸಮುದ್ರತಳವನ್ನೋ ಹಡಗಿನ ಹಾದಿಯನ್ನೋ ಎಂಬುದು ಇನ್ನೂ ತೀರ್ಮಾನವಾಗಬೇಕಾಗಿದೆ.

ಆ ರಿಡ್ಜ್ ವಾಯವ್ಯದಿಂದ ಆಗ್ನೇಯಕ್ಕೆ ಸಾಗುವುದರಿಂದ, ಸ್ತರಭಂಗಗಳಿಂದ ಎದ್ದ ಗುಡ್ಡಗಳ ಸಾಲುಗಳೂ ಅದೇ ದಿಕ್ಕಿನಲ್ಲಿರುವುದು ಸಹಜ. ತೊಡಕೇನೆಂದರೆ, ನಿಮ್ಮ ಹಡಗು ಓಡಿದ್ದೂ ಅದೇ ದಿಕ್ಕಿಗೆ. ಹಡಗಿನಡಿಯಿಂದ ಬೀಸಣಿಗೆಯಂತೆ ಹಲವು ಸದ್ದಿನ ಕಿರಣಗಳನ್ನು (ಬೀಮ್) ಬಿಟ್ಟು ತಳದ ಅಗಲವಾದ ಪಟ್ಟಿಯನ್ನು ಒಮ್ಮೆಗೇ ಓದುವ ಮಲ್ಟಿಬೀಮ್ ಸೋನಾರ್ ಆಳವನ್ನು ನೇರವಾಗಿ ಅಳೆಯುವುದಿಲ್ಲ. ಸದ್ದು ಹೋಗಿ ಬರುವ ಸಮಯವನ್ನು ಅಳೆಯುತ್ತದೆ. ಸೆಕೆಂಡಿಗೆ ಸುಮಾರು 1,500 ಮೀಟರ್ ಇರುವ ಸದ್ದಿನ ವೇಗವು ನೀರಿನ ಉಷ್ಣತೆ, ಉಪ್ಪಿನಂಶ ಮತ್ತು ಒತ್ತಡಕ್ಕೆ ತಕ್ಕಂತೆ ಬದಲಾಗುವುದರಿಂದ, ಯಾವ ಆಳದಲ್ಲಿ ವೇಗ ಎಷ್ಟೆಂದು ತೋರುವ ಪ್ರೊಫೈಲ್ ಹಳತಾಗಿದ್ದರೆ ಹಡಗಿನ ನೇರ ಕೆಳಗಿನ ಆಳ ಅಷ್ಟಾಗಿ ಕೆಡದಿದ್ದರೂ ಓರೆಯಾಗಿ ಹೋದ ಬೀಮ್‌ಗಳ ಲೆಕ್ಕ ಕೆಟ್ಟು, ಪಟ್ಟಿಯ ಎರಡೂ ಅಂಚುಗಳು ಒಂದೇ ಬಗೆಯಲ್ಲಿ ಮೇಲೇಳುತ್ತವೆ ಅಥವಾ ಕುಸಿಯುತ್ತವೆ. ಅಂಥ ಪಟ್ಟಿಗಳನ್ನು ಜೋಡಿಸಿದಲ್ಲೆಲ್ಲ ಇಲ್ಲದ ಏಣೊಂದು ಹುಟ್ಟುತ್ತದೆ. ಒಂದು ಜಾಗದ ಎತ್ತರಕ್ಕೂ ಸುತ್ತಲಿನ ಜಾಗಗಳ ಎತ್ತರಕ್ಕೂ ಇರುವ ನಂಟನ್ನು ಅಳೆಯುವ ಕೋವೇರಿಯನ್ಸ್ ಅದನ್ನೂ ಗುಡ್ಡವೆಂದೇ ಎಣಿಸುತ್ತದೆ. ನಿನ್ನ ನಕ್ಷೆಯ ದಕ್ಷಿಣ ಭಾಗದಲ್ಲಿ ಏಣುಗಳ ನಡುವಿನ ಅಂತರ ಹಡಗು ಓಡಿದ ಗೆರೆಗಳ ಅಂತರಕ್ಕೆ ಸರಿಯಾಗಿ ಕೂತಿತು. ಬೆಟ್ಟಗಳು ಅಷ್ಟು ಶಿಸ್ತಿನಿಂದ ನಿಲ್ಲುವುದನ್ನು ನಾನು ಕಂಡಿಲ್ಲ. ನೌಕಾಪಡೆಯ ಸರ್ವೆ ಹಡಗಿನಲ್ಲಿ ನಾವು ಅಡ್ಡಗೆರೆ ಓಡಿಸದೆ ಯಾವ ನಕ್ಷೆಯ ಹಾಳೆಯನ್ನೂ ಮುಗಿಸುತ್ತಿರಲಿಲ್ಲ. ನಿಮ್ಮ ಯಾನದಲ್ಲಿಯೂ ಅಂಥ ಗೆರೆಗಳಿದ್ದರೆ, ಎರಡು ಗೆರೆಗಳು ಹಾಯುವಲ್ಲೆಲ್ಲ ಆಳದ ವ್ಯತ್ಯಾಸ ತೆಗೆದು ನೋಡು.

ಗ್ರಿಡ್‌ನ ವಿಷಯವನ್ನೂ, ಅಂದರೆ ಆಳಗಳನ್ನು ತುಂಬಲು ನೀನು ಹಾಕಿದ ಚೌಕಗಳ ವಿಷಯವನ್ನೂ, ಹೇಳಿಬಿಡುತ್ತೇನೆ. 1 ಡಿಗ್ರಿಯ ಬೀಮ್ 4,000 ಮೀಟರ್ ಆಳದಲ್ಲಿ ನೇರ ಕೆಳಗೇ ಸುಮಾರು 70 ಮೀಟರ್ ಅಗಲದ ಜಾಗವನ್ನು ಒಂದೇ ಆಳವಾಗಿ ಓದುವಾಗ, 25 ಮೀಟರಿನ ಗ್ರಿಡ್ ಹಾಕುವುದರಿಂದ ಹೊಸ ವಿವರವೇನೂ ಸಿಗುವುದಿಲ್ಲ. ತುಂಬಿಸಿದ ಅಂಕಿಗಳ ನಯವನ್ನೇ ನೀನು ತಳದ ನಯವೆಂದು ಬರೆದಂತಾಗುತ್ತದೆ. ಹಾಗೆಯೇ, ದೊಡ್ಡ ಇಳಿಜಾರನ್ನು ಕಳೆಯದೆ ಮಾನಕ ವಿಚಲನೆ (ಎತ್ತರಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ತೆಗೆಯಬೇಡ. ನಮ್ಮ ತಡಿಯಂಡಮೋಳ್ ಬೆಟ್ಟವನ್ನು ಬುಡದಿಂದ ತುದಿಯವರೆಗೆ ಹಾಗೆ ಅಳೆದರೆ, ನುಣ್ಣನೆಯ ಹುಲ್ಲುಗಾವಲೂ ಒರಟೆಂದೇ ಲೆಕ್ಕಕ್ಕೆ ಬರುತ್ತದೆ.

ಸಮುದ್ರತಳದ ಸಂಶೋಧಕರಾದ ಗೋಫ್ ಮತ್ತು ಜೋರ್ಡಾನ್ 1988ರಲ್ಲಿ ತೋರಿಸಿದಂತೆ ಎತ್ತರ, ಅಗಲ, ದಿಕ್ಕು ಮುಂತಾದ ಕೆಲವೇ ಅಂಕಿಗಳಲ್ಲಿ ಈ ಗುಡ್ಡಗಳ ಸ್ವರೂಪವನ್ನು ಹಿಡಿಯಬಹುದು; ನೀನು ಆ ದಾರಿ ಹಿಡಿದಿರುವುದು ನನಗೆ ಸಂತೋಷವೇ. ಆದರೆ ಅಂಚಿನ ಬೀಮ್‌ಗಳನ್ನು ಬಿಟ್ಟು ಮತ್ತೊಮ್ಮೆ ಲೆಕ್ಕ ಹಾಕು. ದಿಕ್ಕೂ ಅಗಲವೂ ಬದಲಾಗದಿದ್ದರೆ ನಿನ್ನ ಗೈಡ್‌ಗೆ ಕೊಡು. ಬದಲಾದರೆ ಎರಡೂ ಫಲಿತಾಂಶಗಳನ್ನು ಮೊದಲು ನನಗೆ ಕಳುಹಿಸು.

ಇತಿ,
ನಿನ್ನ ದೊಡ್ಡಪ್ಪ