ಗ್ಲೌಸ್ ಎತ್ತಿಡು ಎಂದವರು

ಪ್ರಿಯ ಗೆಳೆಯ,

ನಮ್ಮ ಹಳೆಯ ಮಾತಿನಂತೆ, ಹೊಸನಗರದ ಬಸ್ಸು ಇನ್ನೂ ಬಂದಿಲ್ಲ. ಹಾಗಾಗಿ ಉದ್ದನೆಯ ಪತ್ರ ಬರೆಯುವಷ್ಟು ಪುರುಸೊತ್ತು ಇದೆ ಎಂದುಕೊ.

2025ರ ಜೂನ್ 15ರ ಭಾನುವಾರ ಸಂಜೆ ಇಲ್ಲಿ ಬಾಸ್ಟನ್ನಿನಿಂದ ಫೋನ್ ಮಾಡಿದಾಗ ನಿಮ್ಮಲ್ಲಿ ಇನ್ನೂ ಕೋಳಿ ಕೂಗಿರಲಿಲ್ಲ. ‘ಡೆವರ್ಸ್‌ನನ್ನು ಮಾರಿಬಿಟ್ಟರು ಮಾರಾಯ’ ಎಂದೆ. ಯಾರಿಗೆ ಏನಾಯಿತೋ ಎಂದು ಗಾಬರಿಯಲ್ಲಿ ಎದ್ದು ಕೂತವನು ನೀನು. ವಿಷಯ ಬೇಸ್‌ಬಾಲ್ ಎಂದು ತಿಳಿದ ಮೇಲೂ ಬೈಯಲಿಲ್ಲ. ಹೆಂಚಿನ ಮೇಲೆ ಮಳೆ ಬೀಳುವ ಸದ್ದು ಫೋನಿನಲ್ಲೇ ಕೇಳುತ್ತಿತ್ತು. ಮುಕ್ಕಾಲು ಗಂಟೆ ನನ್ನ ಕೂಗಾಟ ಕೇಳಿಸಿಕೊಂಡೆ. ಕೊನೆಗೆ ನೀನು ಒಂದೇ ಮಾತು ಕೇಳಿದೆ: ‘ಆ ತಂಡ ನಿನ್ನ ಕೈಯಲ್ಲಿದ್ದಿದ್ದರೆ ಅವನನ್ನು ನೀನು ಏನು ಮಾಡುತ್ತಿದ್ದೆ?’ ಒಳಗಿನಿಂದ ಯಾರೋ ಕರೆಯುತ್ತಿದ್ದಾರೆ ಎಂದು ನಾನು ಫೋನ್ ಇಟ್ಟೆ. ಯಾರೂ ಕರೆದಿರಲಿಲ್ಲ.

ಐದು ತಿಂಗಳಾಯಿತು. ಈಗ ಉತ್ತರ ಬರೆಯುತ್ತಿದ್ದೇನೆ.

ನಿನಗೆ ಗೊತ್ತಿರುವುದನ್ನೇ ಇನ್ನೊಮ್ಮೆ ಹೇಳುತ್ತೇನೆ. ಇದನ್ನು ಓದುವ ಉಳಿದವರಿಗೂ ನನ್ನ ಸಿಟ್ಟಿನ ಬುಡ ತಿಳಿಯಲಿ. ರಫೇಲ್ ಡೆವರ್ಸ್ ಡೊಮಿನಿಕನ್ ಗಣರಾಜ್ಯದ ಹುಡುಗ. ಹದಿನಾರನೇ ವಯಸ್ಸಿನಲ್ಲಿ ಬಾಸ್ಟನ್ನಿನ ರೆಡ್ ಸಾಕ್ಸ್ ತಂಡದ ಒಪ್ಪಂದಕ್ಕೆ ಸಹಿ ಹಾಕಿದವನು. 2017ರ ಆಗಸ್ಟ್‌ನಲ್ಲಿ, ಇನ್ನೂ ಇಪ್ಪತ್ತರ ಪೋರನಾಗಿದ್ದಾಗ, ನ್ಯೂಯಾರ್ಕಿನಲ್ಲಿ ಯಾಂಕೀಸ್ ಎದುರು ಕೊನೆಯ, ಅಂದರೆ ಒಂಬತ್ತನೆಯ ಇನಿಂಗ್ಸ್‌ನಲ್ಲಿ ತಂಡ ಸೋಲಿನ ಅಂಚಿನಲ್ಲಿತ್ತು. ಅರೋಲ್ಡಿಸ್ ಚಾಪ್ಮನ್ ಗಂಟೆಗೆ 165 ಕಿಲೋಮೀಟರ್ ವೇಗದಲ್ಲಿ ಎಸೆದ ಚೆಂಡನ್ನು ಇವನು ಬೇಲಿಯಾಚೆಗೆ ಬಾರಿಸಿದ. ಆ ರಾತ್ರಿ ನನ್ನ ಮಗ ಸೋಫಾದಿಂದ ಹಾರಿ ಮೊಣಕಾಲು ತರಚಿಕೊಂಡ. ಮರುವಾರವೇ 11ನೇ ನಂಬರಿನ ಅಂಗಿ ಬೇಕೆಂದು ಹಟ ಹಿಡಿದ.

ಫೀಲ್ಡಿಂಗ್‌ನಲ್ಲಿ ಮೂರನೇ ಬೇಸ್ (ರನ್ ಓಡುವವರು ಸರದಿಯಂತೆ ಮುಟ್ಟಬೇಕಾದ ಗುರುತುಗಳಲ್ಲೊಂದು) ಅವನ ಜಾಗ. ಅಲ್ಲಿ ಅವನ ಕೈಯಿಂದ ತಪ್ಪುಗಳಾಗುತ್ತಿದ್ದವು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಬ್ಯಾಟ್ ಹಿಡಿದು ನಿಂತರೆ ತಂಡದ ತವರು ಫೆನ್‌ವೇ ಮೈದಾನದ ಮರದ ಕುರ್ಚಿಗಳಲ್ಲಿ ಕೂತವರು ತಿನ್ನುವುದನ್ನು ನಿಲ್ಲಿಸುತ್ತಿದ್ದರು. 2023ರ ಜನವರಿಯಲ್ಲಿ ಹತ್ತು ವರ್ಷಕ್ಕೆ 31 ಕೋಟಿ 35 ಲಕ್ಷ ಡಾಲರಿನ ಒಪ್ಪಂದವಾಯಿತು. ತಂಡದ ಇತಿಹಾಸದಲ್ಲೇ ಅಷ್ಟು ದೊಡ್ಡದು ಇನ್ನೊಂದಿಲ್ಲ. 2033ರವರೆಗೆ ಇವನು ನಮ್ಮವನು ಎಂದುಕೊಂಡೆವು. ಅಷ್ಟರಲ್ಲಿ ಮಗನ ಓದು ಮುಗಿದಿರುತ್ತದೆ, ನಾನು ಊರಿಗೆ ಮರಳುವ ಮಾತು ಆಡುತ್ತಿರುತ್ತೇನೆ ಎಂದೆಲ್ಲ ಲೆಕ್ಕ ಹಾಕಿದ್ದೆ. ಒಬ್ಬ ಆಟಗಾರನ ಒಪ್ಪಂದಕ್ಕೆ ಸ್ವಂತ ಆಯುಸ್ಸನ್ನು ಜೋಡಿಸಿ ಲೆಕ್ಕ ಹಾಕುವುದು ನಿನಗೆ ಅರ್ಥವಾಗುತ್ತದೆ. ನಿನ್ನ ಆರ್‌ಸಿಬಿ ಚಹಲ್‌ನನ್ನು ಉಳಿಸಿಕೊಳ್ಳದೆ ಬಿಟ್ಟಾಗ ನೀನು ಮೂರು ದಿನ ಯಾರ ಫೋನನ್ನೂ ಎತ್ತಿರಲಿಲ್ಲ.

2025ರ ಫೆಬ್ರುವರಿಯಲ್ಲಿ ಅಲೆಕ್ಸ್ ಬ್ರೆಗ್‌ಮನ್‌ನನ್ನು ಮೂರು ವರ್ಷಕ್ಕೆ 12 ಕೋಟಿ ಡಾಲರ್ ಕೊಟ್ಟು ತಂದರು. ಅವನದೂ ಮೂರನೇ ಬೇಸ್, ಹಿಂದಿನ ವರ್ಷವಷ್ಟೇ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲೌವ್ ಪ್ರಶಸ್ತಿ ಪಡೆದವನು. ಆಟದ ಲೆಕ್ಕದಲ್ಲಿ ಅವನು ಅಲ್ಲಿ ನಿಲ್ಲುವುದೇ ಸರಿ, ಒಪ್ಪುತ್ತೇನೆ. ಆದರೆ ಮನೆಯ ಹಿರಿಮಗನನ್ನು ಜಗಲಿಗೆ ಕಳುಹಿಸುವಾಗ ಹಿಂದಿನ ದಿನವಾದರೂ ಕೂರಿಸಿ ಮಾತನಾಡಬೇಡವೇ? ಮೂರನೇ ಬೇಸ್ ನನ್ನ ಜಾಗ ಎಂದು ಡೆವರ್ಸ್ ಪತ್ರಕರ್ತರ ಮುಂದೆ ಹೇಳಿದ. ಕೊನೆಗೆ ಅವನನ್ನು ಬರೀ ಬ್ಯಾಟಿಂಗ್‌ಗೆ ಇಟ್ಟರು. ಆ ಆಟದಲ್ಲಿ ಹಾಗೊಂದು ಸ್ಥಾನವಿದೆ: ಫೀಲ್ಡಿಂಗ್ ಇಲ್ಲ, ಸರದಿ ಬಂದಾಗ ಬ್ಯಾಟ್ ಬೀಸಿ ಬಂದು ಕೂರುವುದು. ಇನ್ನು ಗ್ಲೌಸ್ ಎತ್ತಿಡು ಎಂದು ತನಗೆ ಹೇಳಿದ್ದರು ಎಂದು ಅವನೇ ಆಮೇಲೆ ತಿಳಿಸಿದ. ಮೊದಲ ಐದು ಪಂದ್ಯಗಳಲ್ಲಿ ಒಂದೂ ಹಿಟ್ ಇಲ್ಲ, 15 ಸ್ಟ್ರೈಕ್‌ಔಟ್, ಅಂದರೆ ಚೆಂಡನ್ನು ಆಡಲಾಗದೆ ಔಟ್. ಹೀಗೆ ಕೈ ಕಟ್ಟಿಸಿಕೊಂಡು ಕೂತವನು ನಿಧಾನವಾಗಿ ಚೇತರಿಸಿಕೊಂಡ, ಮತ್ತೆ ಬೇಲಿಯಾಚೆಗೆ ಹೋಮ್ ರನ್ ಬಾರಿಸತೊಡಗಿದ.

ಮೇ 2ರಂದು ಮೊದಲ ಬೇಸ್‌ನ ಟ್ರಿಸ್ಟನ್ ಕಾಸಸ್ ಓಡುವಾಗ ಬಿದ್ದು ಮೊಣಕಾಲಿನ ಸ್ನಾಯುರಜ್ಜು ಹರಿದುಕೊಂಡ. ಆಗ ತಂಡದವರಿಗೆ ಡೆವರ್ಸ್‌ನ ಕೈ ನೆನಪಾಯಿತು. ಎತ್ತಿಟ್ಟ ಗ್ಲೌಸ್ ತೆಗೆದು ಮೊದಲ ಬೇಸ್‌ನಲ್ಲಿ ನಿಲ್ಲುತ್ತೀಯಾ ಎಂದು ಕೇಳಿದರು. ಅವನು ಆಗುವುದಿಲ್ಲ ಎಂದ. ತಂಡದ ಒಡೆಯ ಜಾನ್ ಹೆನ್ರಿ ಕಾನ್ಸಾಸ್ ಸಿಟಿಗೆ ವಿಮಾನ ಹತ್ತಿ ಹೋಗಿ ಮಾತನಾಡಿಸಿದ್ದೂ ಆಯಿತು. ಐದು ವಾರ ಕಳೆಯಿತು. ಜೂನ್ 15ರಂದು ಯಾಂಕೀಸ್ ಎದುರು 2–0 ಗೆಲುವು, ಮೂರಕ್ಕೆ ಮೂರೂ ಪಂದ್ಯ ನಮ್ಮದು, ಅವತ್ತೂ ಡೆವರ್ಸ್‌ನ ಹೋಮ್ ರನ್. ಸಂಜೆಗೆ ಅವನು ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಪಾಲು. ಒಪ್ಪಂದದಲ್ಲಿ ಉಳಿದಿದ್ದ 25 ಕೋಟಿ ಡಾಲರಿಗೂ ಹೆಚ್ಚಿನ ಹೊರೆಯನ್ನು ಅವರೇ ಹೊತ್ತರು. ನನಗೆ ಕಂಡದ್ದು ಅದೊಂದೇ. ಹಣ ಉಳಿಯಿತು.

ಈ ತಂಡಕ್ಕೆ ಇದು ಹಳೆಯ ರೋಗ. ಬೇಸ್‌ಬಾಲ್‌ನ ದಂತಕಥೆ ಬೇಬ್ ರೂತ್‌ನನ್ನು ಯಾಂಕೀಸ್‌ಗೆ ಮಾರಿದ್ದಾಗಿ 1920ರ ಜನವರಿಯಲ್ಲಿ ಸಾರಿ, 2004ರವರೆಗೆ ಕಪ್ಪಿಗಾಗಿ ಕಾದ ಊರು ಇದು. ಅದಾಗಿ ನೂರು ವರ್ಷಕ್ಕೆ, 2020ರ ಫೆಬ್ರುವರಿಯಲ್ಲಿ, ಮೂಕಿ ಬೆಟ್ಸ್‌ನನ್ನು ಲಾಸ್ ಏಂಜಲೀಸ್ ಡಾಡ್ಜರ್ಸ್‌ಗೆ ಕಳುಹಿಸಿದರು. 2018ರಲ್ಲಿ 108 ಪಂದ್ಯ ಗೆದ್ದು ಚಾಂಪಿಯನ್ ಆದ ತಂಡದ ಪ್ರಾಣ ಅವನು. ಆ ವರ್ಷ ತನ್ನ ಲೀಗಿನ ಶ್ರೇಷ್ಠ ಆಟಗಾರ. ಅವನಿಗೆ ಬದಲಾಗಿ ಬಂದ ಮೂವರ ಪೈಕಿ ಒಬ್ಬನನ್ನು ಮುಂದೆ ಯಾಂಕೀಸ್‌ಗೇ ಕೊಟ್ಟರು. ಆ 2020ರ ಸಿಟ್ಟು ನನ್ನಲ್ಲಿ ಇನ್ನೂ ಆರಿಲ್ಲ, ಆರಿಸುವ ಮನಸ್ಸೂ ಇಲ್ಲ.

ನಿನ್ನ ಆರ್‌ಸಿಬಿಗೆ ಕಪ್ ಎತ್ತಲು ಹದಿನೆಂಟು ವರ್ಷ ಬೇಕಾಯಿತು. ಜೂನ್ 3ರಂದು ನನಗೆ ಮಧ್ಯಾಹ್ನ, ನಿನಗೆ ನಡುರಾತ್ರಿ. ಇಬ್ಬರೂ ಮಾತಿಲ್ಲದೆ ಫೋನಿನಲ್ಲಿ ಅತ್ತೆವು. ಚಹಲ್ ಅಂದು ಎದುರು ತಂಡದಲ್ಲಿದ್ದ. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲಲ್ಲಿ 11 ಜನ ತೀರಿಕೊಂಡ ಸುದ್ದಿ ಬಂದ ಮೇಲೆ ಆ ಕಪ್ಪಿನ ಮಾತನ್ನು ನೀನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಈಗ ನವೆಂಬರ್ 1ರ ರಾತ್ರಿಗೆ ಬರುತ್ತೇನೆ. ಟೊರಾಂಟೊದಲ್ಲಿ ಬೇಸ್‌ಬಾಲ್ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್‌ನ ಏಳನೆಯ ಪಂದ್ಯ, ಒಂಬತ್ತರಲ್ಲಿ ಮುಗಿಯದೆ ಹನ್ನೊಂದನೆಯ ಇನಿಂಗ್ಸ್, ಡಾಡ್ಜರ್ಸ್ ಒಂದು ರನ್ ಮುಂದೆ. ಚೆಂಡು ಶಾರ್ಟ್‌ಸ್ಟಾಪ್ ಕಡೆಗೆ, ಅಂದರೆ ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವಿನ ಜಾಗಕ್ಕೆ ಉರುಳಿತು. ಅಲ್ಲಿ ನಿಂತಿದ್ದವನು ಮೂಕಿ ಬೆಟ್ಸ್. ಚೆಂಡು ಹಿಡಿದು, ಎರಡನೇ ಬೇಸ್ ತುಳಿದು, ಮೊದಲ ಬೇಸ್‌ಗೆ ಎಸೆದ. ಒಂದೇ ಚೆಂಡಿಗೆ ಇಬ್ಬರು ಔಟ್, ಆಟ ಮುಗಿಯಿತು. ಡಾಡ್ಜರ್ಸ್‌ಗೆ ಹೋದ ಮೇಲೆ ಅವನಿಗೆ ಮೂರನೆಯ ಕಪ್. ನಮ್ಮಲ್ಲಿ ಅವನು ಬಲಬದಿಯ ಔಟ್‌ಫೀಲ್ಡಿನಲ್ಲಿ ಆಡುತ್ತಿದ್ದವನು. ಮೂವತ್ತು ದಾಟಿದ ಮೇಲೆ ಒಂದು ಇಡೀ ಚಳಿಗಾಲ ಅಭ್ಯಾಸ ಮಾಡಿ ಆಟದಲ್ಲೇ ಅತಿ ಕಷ್ಟದ ಜಾಗಗಳಲ್ಲೊಂದನ್ನು ತನ್ನದಾಗಿಸಿಕೊಂಡ.

‘ನೋಡು ಅಪ್ಪ, ಮೂಕಿ ಜಾಗ ಬದಲಿಸಿದ. ಡೆವರ್ಸ್ ಯಾಕೆ ಬದಲಿಸಲಿಲ್ಲ?’ ಎಂದ ಮಗ. ಬದಲಿಸಿದ ಮಗನೇ, ಎಂದೆ. ಅದು ನಿಜ. ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗಿ ಸುಮಾರು ಐದು ವಾರಕ್ಕೆ, ಜುಲೈನಲ್ಲಿ, ಡೆವರ್ಸ್ ಮೊದಲ ಬೇಸ್‌ನಲ್ಲಿ ನಿಂತ. ಇಲ್ಲಿ ಕೇಳಿದಾಗ ಆಗುವುದಿಲ್ಲ ಎಂದ ಅದೇ ಜಾಗ. ಹಾಗಾದರೆ ಅವನ ಹಟ ಬೇಸ್‌ನ ಮೇಲೆ ಇರಲಿಲ್ಲ. ಒಮ್ಮೆ ಗ್ಲೌಸ್ ಎತ್ತಿಡು ಎಂದವರೇ ತಮಗೆ ಬೇಕಾದಾಗ ಬಂದು ಕೇಳಿದರಲ್ಲ, ಅದರ ಮೇಲೆ ಇತ್ತು.

ಮಗನಿಗೆ ಇಷ್ಟು ಹೇಳುವಾಗಲೇ ಗಂಟಲು ಕಟ್ಟಿತು. ಆ ಹೊತ್ತಿಗೆ ಸರಿಯಾಗಿ ಏಕೆ ಎಂದು ಹೊಳೆಯಲಿಲ್ಲ. ನಾಲ್ಕು ದಿನ ಬಿಟ್ಟು ನಿನ್ನ ಫೋಟೊ ಬಂತು.

ನಿನ್ನ ಮಗಳು ಶಾಲೆಯ ಮೈದಾನದಲ್ಲಿ ಸ್ಟಂಪ್‌ಗಳ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದಾಳೆ. ಮೊಣಕೈವರೆಗೆ ಬರುವ ಗ್ಲೌಸ್. ನಿನ್ನದೇ. ಚಿತ್ರವನ್ನು ಹಿಗ್ಗಿಸಿ ನೋಡಿದೆ. ಎಡಗೈ ಹೆಬ್ಬೆರಳಿನ ಬುಡದಲ್ಲಿ ಮೇಣ ಹಚ್ಚಿದ ಕಪ್ಪು ದಾರದ ಹೊಲಿಗೆ ಹಾಗೆಯೇ ಇದೆ. ಬಸ್ ನಿಲ್ದಾಣದ ಪಕ್ಕ ಚಪ್ಪಲಿ ಹೊಲಿಯುತ್ತಿದ್ದವರ ಹತ್ತಿರ ನಾವಿಬ್ಬರೂ ಹೋಗಿ ಹಾಕಿಸಿದ್ದು. ಅವರು ದಾರ ಎಳೆದಾಗಲೆಲ್ಲ ನೀನು ನಿನ್ನ ಬೆರಳಿಗೇ ನೋವಾದವನಂತೆ ಮುಖ ಕಿವಿಚುತ್ತಿದ್ದೆ. ಆಮೇಲೆ ವರ್ಷವಿಡೀ ಅದಕ್ಕೆ ಕೊಬ್ಬರಿ ಎಣ್ಣೆ ತಿಕ್ಕಿದೆ. ನಮ್ಮ ತಂಡದ ಕಿಟ್ ಚೀಲ ತೆಗೆದರೆ ಮೊದಲು ಬರುತ್ತಿದ್ದದ್ದು ಆ ವಾಸನೆ.

1998ರಲ್ಲಿ ಬೆಂಗಳೂರಿನಿಂದ ಒಬ್ಬ ಹುಡುಗ ನಮ್ಮ ಕಾಲೇಜಿಗೆ ಬಂದ. ಅವನೂ ವಿಕೆಟ್ ಕೀಪರ್. ಕ್ಯಾಪ್ಟನ್ ನಾನು. ಒಂದು ಸಂಜೆ ಅಭ್ಯಾಸ ಮುಗಿದ ಮೇಲೆ, ಎಲ್ಲರೂ ಸೈಕಲ್ ಹತ್ತುತ್ತಿದ್ದಾಗ, ನಿನ್ನ ಮುಖವನ್ನೂ ನೋಡದೆ ಹೇಳಿದೆ: ‘ಇನ್ನು ನೀನು ಲಾಂಗ್ ಆನ್. ಗ್ಲೌಸ್ ಎತ್ತಿಡು.’

ಇವೇ ಪದಗಳು. ಡೆವರ್ಸ್‌ನ ಸುದ್ದಿಯನ್ನು ಮೇ ತಿಂಗಳಿನಿಂದ ಓದುತ್ತ, ಅವನ ಪರವಾಗಿ ಕಚೇರಿಯಲ್ಲಿ ಜಗಳವಾಡುತ್ತ ಬಂದ ನನಗೆ ಇದು ನೆನಪಾಗಲು ಒಂದು ಹೊಲಿಗೆ ಬೇಕಾಯಿತು.

ಮುಂದಿನದು ನಿನಗೆ ಗೊತ್ತು. ಸೆಮಿಫೈನಲ್‌ನಲ್ಲಿ ಆ ಹುಡುಗನ ಬೆರಳು ಮುರಿಯಿತು. ಫೈನಲ್‌ನ ಹಿಂದಿನ ರಾತ್ರಿ ನಿಮ್ಮ ಮನೆಗೆ ಬಂದೆ. ಅಂಗಳದಲ್ಲಿ ಗ್ಯಾಸ್‌ಲೈಟ್ ಹಚ್ಚಿ ಅಡಿಕೆ ಸುಲಿಯುತ್ತಿದ್ದಿರಿ. ಅಮ್ಮ ನನಗೆ ಕಾಫಿ ತಂದುಕೊಟ್ಟರು. ನೀನು ಕತ್ತಿಯಿಂದ ಕಣ್ಣು ತೆಗೆಯದೆ, ‘ನಾಳೆ ಅಡಿಕೆ ಬೇಯಿಸುವುದಿದೆ’ ಎಂದೆ. ಅಷ್ಟೇ. ಕಾಫಿ ಕುಡಿದು ಲೋಟ ಇಟ್ಟು ಎದ್ದು ಬಂದೆ. ಮರುದಿನ ಬೈಗಳಲ್ಲೇ ರನ್ ಸೋರಿಹೋಗಿ ಸೋತೆವು. ಬಸ್ಸಿನಲ್ಲಿ ಹಿಂದಿರುಗುವಾಗ ಹನ್ನೊಂದು ಹುಡುಗರ ಮುಂದೆ ಹೇಳಿದೆ: ‘ಅವನಿಗೆ ಜಂಬ. ಅವನಿಂದಲೇ ಸೋತದ್ದು.’ ಆ ಮಾತು ನಿನ್ನ ಕಿವಿಗೆ ಬಿದ್ದಿತ್ತು ಎಂದು ನನಗೆ ಗೊತ್ತು. ನೀನು ಒಮ್ಮೆಯೂ ಕೇಳಲಿಲ್ಲ. ನನ್ನ ಮದುವೆಯಲ್ಲಿ ಬಡಿಸಲು ನಿಂತೆ, ಅಪ್ಪ ಹೋದಾಗ ನಾನು ಬಂದು ಸೇರುವವರೆಗೆ ನಮ್ಮ ಮನೆಯಲ್ಲೇ ಇದ್ದೆ.

ಜನರ ಎದುರು ಆಡಿದ ಮಾತನ್ನು ಜನರ ಎದುರೇ ಹಿಂತೆಗೆದುಕೊಳ್ಳಬೇಕು. ಅದಕ್ಕೇ ಇದನ್ನು ಎಲ್ಲರೂ ಓದುವಲ್ಲಿ ಹಾಕುತ್ತಿದ್ದೇನೆ. ಆ ಬಸ್ಸಿನಲ್ಲಿದ್ದವರಲ್ಲಿ ನಾಲ್ಕೈದು ಜನ ಇದನ್ನು ಓದುತ್ತಾರೆ. ಸೋತದ್ದು ನನ್ನಿಂದ.

ಇಲ್ಲಿಗೆ ನಿಲ್ಲಿಸಬೇಕೆಂದುಕೊಂಡಿದ್ದೆ. ಆದರೆ ಇನ್ನೊಂದು ಇದೆ. ಅದು ನಿನಗೂ ಗೊತ್ತಿಲ್ಲ, ಬಸ್ಸಿನಲ್ಲಿದ್ದವರಿಗೂ ಗೊತ್ತಿಲ್ಲ. ಆ ಹುಡುಗ ನಿನಗಿಂತ ಒಳ್ಳೆಯ ಕೀಪರ್ ಆಗಿರಲಿಲ್ಲ. ಲೆಗ್ ಸೈಡಿನ ಚೆಂಡಿಗೆ ಅವನ ಕಾಲು ಅಲುಗುತ್ತಲೇ ಇರಲಿಲ್ಲ. ಮೊದಲ ದಿನವೇ ನನಗೆ ಅದು ಕಂಡಿತ್ತು. ಅವನ ತಂದೆ ತಂಡಕ್ಕೆ ಪಿಚ್ ಮೇಲೆ ಹಾಸುವ ಹೊಸ ಮ್ಯಾಟ್ ಕೊಡಿಸುತ್ತೇನೆ ಎಂದಿದ್ದರು. ನಮ್ಮ ಹಳೆಯ ಮ್ಯಾಟ್ ನಡುವೆ ಹರಿದು, ಗುಡ್‌ಲೆಂಗ್ತ್‌ನಲ್ಲಿ ಬಿದ್ದ ಚೆಂಡು ಎದೆಗೆ ಬರುತ್ತಿದ್ದದ್ದು ನಿನಗೆ ನೆನಪಿದೆಯಲ್ಲ. ನಾನು ಆರಂಭಿಕ ಬ್ಯಾಟ್ಸ್‌ಮನ್. ನನಗೆ ಆ ಮ್ಯಾಟ್ ಬೇಕಾಗಿತ್ತು. ಮ್ಯಾಟ್ ಬಂತು, ಅದರ ಮೇಲೆ ಆ ಋತುವಿನಲ್ಲಿ ಎರಡು ಅರ್ಧಶತಕ ಹೊಡೆದೆ, ಜಿಲ್ಲಾ ಪತ್ರಿಕೆಯಲ್ಲಿ ಹೆಸರು ಬಂತು. ಆ ತುಣುಕನ್ನು ನೀನೇ ಕತ್ತರಿಸಿ ತಂದುಕೊಟ್ಟಿದ್ದೆ. ಅದು ಈಗಲೂ ನನ್ನ ಹತ್ತಿರ ಇದೆ.

ಆ ತಂಡ ನಿನ್ನ ಕೈಯಲ್ಲಿದ್ದಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿದೆಯಲ್ಲ. ಒಂದು ತಂಡ ನನ್ನ ಕೈಯಲ್ಲಿತ್ತು ಗೆಳೆಯ. ನಾನು ಮಾಡಿದ್ದು ಇದು. ಗೊತ್ತಿದ್ದೇ ಕೇಳಿದೆಯೋ, ಸುಮ್ಮನೆ ಕೇಳಿದೆಯೋ, ಅದನ್ನು ಮಾತ್ರ ಹೇಳಬೇಡ. ತಪ್ಪಾಯಿತು. ಇಪ್ಪತ್ತೇಳು ವರ್ಷ ತಡವಾಗಿ ಹೇಳುತ್ತಿದ್ದೇನೆ.

ರೆಡ್ ಸಾಕ್ಸ್ ವಿಷಯ ಇನ್ನೂ ಒಂದು ಗುಟುಕು ಉಳಿದಿದೆ. ಡೆವರ್ಸ್ ಹೋದರೂ ನಮ್ಮವರು ಆ ಋತುವಿನಲ್ಲಿ ಒಟ್ಟು 89 ಪಂದ್ಯ ಗೆದ್ದು ಪ್ಲೇಆಫ್ ತಲುಪಿದರು. ಅಲ್ಲಿ ಯಾಂಕೀಸ್ ಎದುರು ಕೊನೆಯ ಪಂದ್ಯದಲ್ಲಿ ಕ್ಯಾಮ್ ಶ್ಲಿಟ್ಲರ್ ಎಂಬ ಹೊಸ ಪಿಚರ್ (ಅಲ್ಲಿಯ ಬೌಲರ್) ಎಂಟು ಇನಿಂಗ್ಸ್ ಎಸೆದು 12 ಸ್ಟ್ರೈಕ್‌ಔಟ್ ಮಾಡಿ ಕಳುಹಿಸಿದ. ನಮ್ಮದು ಸೊನ್ನೆ. ಹುಡುಗ ಎಲ್ಲಿಯವನು ಅಂದರೆ ಇಲ್ಲಿಯ ವಾಲ್ಪೋಲ್‌ನವನು, ಬಾಸ್ಟನ್ನಿನ ಮಗ್ಗುಲಿನ ಊರು. ಅದನ್ನು ನೆನೆದು ಹೆಂಡತಿ ಇನ್ನೂ ನಗುತ್ತಾಳೆ. ಮಗ 11ನೇ ನಂಬರಿನ ಅಂಗಿಯನ್ನು ಮಡಚಿ, ಎಸೆಯದೆ, ಚಳಿಗಾಲದ ಬಟ್ಟೆಗಳ ಕೆಳಗೆ ಇಟ್ಟಿದ್ದಾನೆ.

ಜನವರಿಯಲ್ಲಿ ಬರುತ್ತಿದ್ದೇವೆ, ಟಿಕೆಟ್ ಆಗಿದೆ. ನಿನ್ನ ಮಗಳ ಅಂಗೈ ಅಳತೆ ಕಳುಹಿಸು. ಕಾಗದದ ಮೇಲೆ ಕೈ ಇಟ್ಟು ಪೆನ್ಸಿಲಿನಲ್ಲಿ ಗೀಚಿದರೂ ಸಾಕು. ಬೆಂಗಳೂರಿನಲ್ಲಿ ಇಳಿದ ದಿನವೇ ಅವಳ ಅಳತೆಯ ಗ್ಲೌಸ್ ತರುತ್ತೇನೆ, ಒಳಗೆ ಹಾಕುವ ಹತ್ತಿಯ ಗ್ಲೌಸ್ ಕೂಡ ಸೇರಿಸಿ. ಹಳೆಯದನ್ನು ಬಿಡಿಸಬೇಡ, ಅವಳಿಗೆ ಯಾವುದು ಬೇಕೋ ಅದನ್ನು ಹಾಕಿಕೊಳ್ಳಲಿ. ಅಪ್ಪೆಮಿಡಿ ಭರಣಿಯಲ್ಲಿ ನನ್ನ ಪಾಲು ಉಳಿಸಿರು. ಅಂಗಳದಲ್ಲಿ ನಾನು ಬೌಲ್ ಮಾಡುತ್ತೇನೆ, ಅವಳು ಕೀಪಿಂಗ್ ಮಾಡಲಿ, ನೀನು ಎಲ್ಲಿ ನಿಲ್ಲಬೇಕೋ ನೀನೇ ಹೇಳು.

ಅಷ್ಟರೊಳಗೆ ಹೊಸನಗರದ ಬಸ್ಸು ಬಂದರೆ ತಡೆದು ನಿಲ್ಲಿಸಿರು.

ನಿನ್ನವನು