ಅತ್ತೆಗೆ, ಜೊತೆಗಿದ್ದ ಎಲ್ಲರಿಗೆ

ಜೂನ್‌ನಿಂದ ಮತ್ತೆ ಶಾಲೆಗೆ ಹೋಗುತ್ತಿದ್ದೇನೆ. ಏಳನೇ ತರಗತಿಗೆ ಗಣಿತ ಹೇಳಿಕೊಡುತ್ತಿದ್ದೇನೆ. ಊಟ ರುಚಿಸುತ್ತಿದೆ, ನಿದ್ದೆ ಬರುತ್ತಿದೆ. ಖಿನ್ನತೆ ಬಂದು ನನಗೆ ಏನಾಗಿತ್ತು ಅನ್ನೋದು ನಿಮಗೆಲ್ಲ ಗೊತ್ತು, ಅದನ್ನು ಮತ್ತೆ ಬರೆಯುವುದಿಲ್ಲ. ಥ್ಯಾಂಕ್ಸ್ ಹೇಳುವುದು ಬಾಕಿ ಇದೆ.

ನನ್ನ ಪಿರಿಯಡ್‌ಗಳನ್ನು ಹಂಚಿಕೊಂಡ ಟೀಚರುಗಳು, ರಾತ್ರಿ ಪಾಳಿ ಮುಗಿಸಿ ಬಂದು ಮಗಳಿಗೆ ಜಡೆ ಹಾಕಿದ ನನ್ನ ಗಂಡ, ಸಿರುಗುಪ್ಪದಿಂದ ಬಳ್ಳಾರಿಗೆ ಬಸ್ಸಿನಲ್ಲಿ ಜೊತೆ ಬಂದ ಗೆಳತಿ, ಅವಸರ ಮಾಡದೆ ಕೇಳಿಸಿಕೊಂಡ ಡಾಕ್ಟರು: ನಿಮ್ಮೆಲ್ಲರ ಋಣ ನನ್ನ ಮೇಲಿದೆ.

ಜಾಸ್ತಿ ಬರೆಯಬೇಕಿರುವುದು ನಮ್ಮ ಅತ್ತೆಯ ಬಗ್ಗೆ.

ಖಿನ್ನತೆಯ ಮಾತ್ರೆ ನುಂಗಿದ ದಿನವೇ ಗುಣ ಕಾಣುವುದಿಲ್ಲ. ಮನಸ್ಸು ಹಗುರ ಆಗಲು 2ರಿಂದ 4 ವಾರ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಹೊಟ್ಟೆ ತೊಳಸುವುದು, ಚಡಪಡಿಕೆ, ನಿದ್ದೆಗೇಡು ಮಾತ್ರ ಮೊದಲೇ ಬಂದುಬಿಡುತ್ತವೆ. ಡಾಕ್ಟರು ಇದನ್ನೆಲ್ಲ ಹೇಳಿಯೇ ಕಳಿಸಿದ್ದರು. ಆದರೂ ಬರೀ ಸಂಕಟವೇ ಕಾಣುವ ಆ ವಾರಗಳನ್ನು ಒಬ್ಬರೇ ದಾಟುವುದು ಬಹಳ ಕಷ್ಟ.

ಅಂಥ ಒಂದು ರಾತ್ರಿ ಸೆಕೆಗೆ ಎಲ್ಲರೂ ಮಾಳಿಗೆ ಮೇಲೆ ಮಲಗಿದ್ದೆವು. ನನಗೆ ಕೂರಲೂ ಆಗುತ್ತಿರಲಿಲ್ಲ, ಮಲಗಲೂ ಆಗುತ್ತಿರಲಿಲ್ಲ. ಅತ್ತೆ ಎದ್ದು ಬಂದು ನೇರವಾಗಿ ಕೇಳಿದರು: "ಸಾಯಬೇಕು ಅನಸ್ತೈತೇನು?"

ಅಷ್ಟು ದಿನ ಮನೆಯಲ್ಲಿ ಯಾರೂ ಆ ಮಾತು ಕೇಳಿರಲಿಲ್ಲ. ಹೌದು ಅಂದೆ.

ಅವರು ಬೈಯಲಿಲ್ಲ. ಅಳಲಿಲ್ಲ. ಮಗಳ ಮುಖ ನೋಡು ಅನ್ನಲಿಲ್ಲ. ಕೈ ಹಿಡಿದು ಕೆಳಗೆ ಕರೆದುಕೊಂಡು ಹೋಗಿ 14416ಕ್ಕೆ ಫೋನ್ ಮಾಡಿಸಿದರು. ಅದು ಟೆಲಿ ಮನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಅಲ್ಲಿಯವರು ಕನ್ನಡದಲ್ಲೇ ಮಾತಾಡಿದರು. ಬೆಳಿಗ್ಗೆ ಡಾಕ್ಟರನ್ನು ಕಾಣುವವರೆಗೆ ಇವರೊಬ್ಬರನ್ನೇ ಬಿಡಬೇಡಿ ಅಂದರು. ಅತ್ತೆ ಬಿಡಲಿಲ್ಲ. ಮಾತ್ರೆಯ ಡಬ್ಬಿಯನ್ನು ತಮ್ಮ ಟ್ರಂಕಿನಲ್ಲಿಟ್ಟು ಬೀಗ ಹಾಕಿದರು. ಮಜ್ಜಿಗೆ ಕುಡಿಸಿದರು. ಬೆಳಕು ಹರಿಯುವವರೆಗೆ ಮೆಣಸಿನಕಾಯಿ ರೇಟು, ತವರಿನ ಜಾತ್ರೆ, ಸುಮ್ನೆ ಏನೇನೋ ಹೇಳುತ್ತಲೇ ಇದ್ದರು.

ಮಾತ್ರೆ ಬೇಡ, ಏನೂ ಆಗುತ್ತಿಲ್ಲ ಅಂತ ನಾನು ಅತ್ತಾಗ ಅವರು ಹೇಳಿದ್ದು: "ಡ್ಯಾಮಿನಾಗ ನೀರು ಬಿಟ್ಟ ದಿನನ ನಮ್ಮ ಹೊಲಕ್ಕ ಬರ್ತಾವೇನು? ನಾವು ಕಾಲುವಿ ತುದಿಯಾಗ ಅದೀವಿ. ಬರತನ ಕಾಯಬೇಕು."

ಅವರು ಇದನ್ನು ಕಂಡವರು. ಮದುವೆಗೆ ಮೊದಲು ಅವರ ಅಣ್ಣ ಹಾಸಿಗೆ ಬಿಟ್ಟು ಏಳದಂತಾಗಿದ್ದಾಗ ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಮಾತ್ರೆ ಸಿಕ್ಕಿತ್ತಂತೆ. 1985ರಿಂದ 1990ರವರೆಗೆ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನವರು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಆರೋಗ್ಯ ಕೇಂದ್ರಗಳ ಡಾಕ್ಟರುಗಳಿಗೆ ತರಬೇತಿ ಕೊಟ್ಟು, ಮನಸ್ಸಿನ ಕಾಯಿಲೆಗೆ ಅಲ್ಲೇ ಚಿಕಿತ್ಸೆ ಸಿಗುವಂತೆ ಮಾಡಿದ್ದರು. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಇದನ್ನು ಓದಿದಾಗ ನನಗೆ ನಿಜವಾಗಿ ಹೆಮ್ಮೆಯಾಯಿತು. ಅತ್ತೆಗೆ ಈ ಇಸವಿಗಳೆಲ್ಲ ಗೊತ್ತಿಲ್ಲ. ಅಣ್ಣ ಮತ್ತೆ ಗಳೆ ಹೂಡಿದ್ದು ಗೊತ್ತು, ಅಷ್ಟೇ.

ಡಾಕ್ಟರು ಡೋಸ್ ಸರಿ ಮಾಡಿದರು. ನಿಧಾನಕ್ಕೆ ಬೆಳಗುಗಳು ಹಗುರಾದವು. ಮಾತ್ರೆ ಈಗಲೂ ನಡೆದಿದೆ. ಪೂರ್ತಿ ಚೆನ್ನಾದ ಮೇಲೂ ಕನಿಷ್ಠ 6 ತಿಂಗಳು ತಗೊಳ್ಳಬೇಕು, ಬಿಡುವಾಗ ಡಾಕ್ಟರು ಹೇಳಿದಂತೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಚಡಪಡಿಕೆ ಬರಬಹುದು. "ಚಟ ಆಗುತ್ತಂತೆ, ಅಲ್ವಾ?" ಅಂತ ಕೇಳಿದವರಿಗೆಲ್ಲ ಅತ್ತೆಯೇ ಉತ್ತರ ಕೊಟ್ಟಿದ್ದಾರೆ: ಇದು ಚಟದ ಮಾತ್ರೆ ಅಲ್ಲ ಅಂತ.

ಅತ್ತೆ, ಆ ರಾತ್ರಿ ನೀವು ಕೇಳದೇ ಇದ್ದಿದ್ದರೆ ನಾನು ಹೇಳುತ್ತಿರಲಿಲ್ಲ.

ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ನಮ್ಮ ಕಡೆಯವರು ಯಾರಿಗಾದರೂ ಒಬ್ಬರೇ ಹೋಗಲು ಹಿಂಜರಿಕೆ ಇದ್ದರೆ ನನಗೆ ಮೆಸೇಜ್ ಮಾಡಿ. ನನಗೆ ಅವತ್ತು ಶಾಲೆ ಇರುತ್ತದೆ. ಅತ್ತೆ ಜೊತೆಗೆ ಬರುತ್ತಾರೆ. ಕೇಳಿಯೇ ಬರೆಯುತ್ತಿದ್ದೇನೆ, ಒಪ್ಪಿದ್ದಾರೆ.